ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವಿನ ಸದ್ದು

ಲಿಫ್ಟ್ ತಂತ್ರಜ್ಞರ ಸಂಘದ ನಿಯಮಾವಳಿಯಲ್ಲಿ ಹದಿನೇಳನೇ ಕಲಮನ್ನು ಬರೆದವನು ಯಾರೋ ಗೊತ್ತಿಲ್ಲ. ಯಾರೇ ಆಗಿರಲಿ, ಅವನ ಮನೆ ತುಂಬ ಜನ ಇದ್ದಿರಬೇಕು. ಯಾವುದೇ ಸ್ಥಳೀಯ ಶಾಖೆಯ ಮಾಸಿಕ ಸಭೆಗೆ ಸತತ ಮೂರು ಸಲ ಒಂಬತ್ತಕ್ಕಿಂತ ಕಡಿಮೆ ಸದಸ್ಯರು ಬಂದರೆ ಆ ಶಾಖೆಯನ್ನು ಪಕ್ಕದ ಊರಿನ ಶಾಖೆಯೊಂದಿಗೆ ವಿಲೀನಗೊಳಿಸತಕ್ಕದ್ದು ಎಂದು ಅವನು ಒಂದೇ ಉಸಿರಿನಲ್ಲಿ ಬರೆದು, ಪೂರ್ಣವಿರಾಮ ಹಾಕಿ, ಊಟಕ್ಕೆ ಎದ್ದು ಹೋಗಿದ್ದ.

ನಮ್ಮ ಕಾರ್ಯದರ್ಶಿಗಳ ಶಾಖೆಯಲ್ಲಿ ಮೊದಲನೇ ತಿಂಗಳು ನಾಲ್ಕು ಜನ ಬಂದರು. ಎರಡನೇ ತಿಂಗಳು ಒಬ್ಬರು ಬಂದರು. ಆ ಒಬ್ಬರು ಕಾರ್ಯದರ್ಶಿಗಳೇ.

ಆದರೂ ಸಭೆ ನಡೆಯಿತು. ಹಳೇ ಕಟ್ಟಡದ ಐದನೇ ಮಹಡಿಯ ಕೋಣೆಯಲ್ಲಿ ಇಪ್ಪತ್ತನಾಲ್ಕು ಕುರ್ಚಿಗಳ ಎದುರು ನಿಂತು ಅವರು ತಮ್ಮನ್ನು ತಾವೇ ಸ್ವಾಗತಿಸಿದರು. ಹಿಂದಿನ ಸಭೆಯ ವರದಿ ಓದಿದರು. ಯಾರಿಗಾದರೂ ಆಕ್ಷೇಪಣೆ ಇದೆಯೇ ಎಂದು ಕೇಳಿ, ನಿಯಮದ ಪ್ರಕಾರ ಒಂದು ನಿಮಿಷ ಕಾದು, ಇಲ್ಲವೆಂದು ದಾಖಲಿಸಿದರು. ಆಮೇಲೆ ತಮಗೆ ತಾವೇ ಚಹಾ ಬಗ್ಗಿಸಿಕೊಂಡು, ವಂದನಾರ್ಪಣೆ ಮಾಡಿದರು. ಹನ್ನೊಂದು ವರ್ಷ ಕಾರ್ಯದರ್ಶಿಯಾಗಿದ್ದವರಿಗೆ ಇದೆಲ್ಲ ಅರ್ಧಕ್ಕೆ ಬಿಡಲು ಕೈ ಬರುವುದಿಲ್ಲ.

ಸದಸ್ಯರನ್ನು ಸೆಳೆಯಲು ಅವರು ಮಾಡದ ಪ್ರಯತ್ನವಿರಲಿಲ್ಲ. "ಬ್ರೇಕು ಮತ್ತು ಬದುಕು" ಎಂದು ಉಪನ್ಯಾಸ ಏರ್ಪಡಿಸಿದ್ದರು, ಉಪನ್ಯಾಸಕನೇ ಬರಲಿಲ್ಲ. ಕೇರಂ ಬೋರ್ಡು ತಂದಿಟ್ಟಿದ್ದರು. ಎದುರಿಗೆ ಕೂರುವವರಿಲ್ಲದೆ ನಾಲ್ಕು ಕಡೆಗೂ ಎದ್ದೆದ್ದು ತಾವೇ ಹೊಡೆದು, ಪ್ರತಿ ಸಲ ಉತ್ತರದ ಕಡೆಯವನೇ ಗೆಲ್ಲುವುದನ್ನು ಕಂಡು ಬೇಸತ್ತು ಬಿಟ್ಟಿದ್ದರು. ಮೂವತ್ತನಾಲ್ಕು ಸದಸ್ಯರಿಗೂ ಹುಟ್ಟುಹಬ್ಬದ ಕಾರ್ಡು ಬರೆದಿದ್ದರು. ಇಬ್ಬರು ಉತ್ತರಿಸಿದರು. ಅವರಲ್ಲಿ ಒಬ್ಬರು ತಾರೀಕು ತಪ್ಪಾಗಿದೆ ಎಂದು ತಿಳಿಸಿದ್ದರು.

ಫೋನ್ ಮಾಡಿದರೆ ಎಲ್ಲರ ಬಳಿಯೂ ಕಾರಣ ಸಿದ್ಧವಾಗಿರುತ್ತಿತ್ತು.

"ಬರ್ತಿದ್ದೆ ಕಣಯ್ಯ, ಮೊಣಕಾಲು ಬೇಡ ಅಂತು," ಎಂದರು ಹಗ್ಗದಜ್ಜ. ಎಪ್ಪತ್ತು ದಾಟಿದ ಹಿರಿಯರು. ಲಿಫ್ಟಿಗೆ ಏನೇ ಆಗಲಿ, ಅದು ಹಗ್ಗದ್ದೇ ತಪ್ಪು ಎನ್ನುವ ಇವರ ಸಿದ್ಧಾಂತದಿಂದ ಆ ಹೆಸರು ಬಂದಿತ್ತು.

"ಸಭೇಲಿ ಏನಿರುತ್ತೆ ನೀವೇ ಹೇಳಿ," ಎಂದ ಗ್ರೀಸಣ್ಣ. ಏನೇ ಆಗಲಿ ಗ್ರೀಸು ಹಚ್ಚಿ ಎನ್ನುವವನು. "ನೀವು ಓದ್ತೀರ, ನಾವು ಕೇಳ್ತೀವಿ, ಬಿಸ್ಕೆಟ್ಟು ಮೆತ್ತಗಾಗಿರುತ್ತೆ. ಅದೂ ಅಲ್ದೆ ನಮ್ಮ ಚಿಕ್ಕಮ್ಮನಿಗೆ ಹುಷಾರಿಲ್ಲ."

"ಗ್ರೂಪಲ್ಲಿ ಹಾಕ್ಬಿಡಿ ಸರ್, ನಾನು ಹೆಬ್ಬೆರಳು ಒತ್ತಿ ಕಳಿಸ್ತೀನಿ," ಎಂದರು ಸೆನ್ಸರ್ ಮೇಡಂ. ದೊಡ್ಡ ಆಸ್ಪತ್ರೆಯ ಹೊಸ ಲಿಫ್ಟುಗಳನ್ನು ನೋಡಿಕೊಳ್ಳುವವರು.

ಇಷ್ಟಕ್ಕೇ ಆಗಿದ್ದರೆ ಕಾರ್ಯದರ್ಶಿಗಳು ಹೇಗೋ ನುಂಗಿಕೊಳ್ಳುತ್ತಿದ್ದರು. ಆದರೆ ಎಂಟು ಗಂಟೆಯ ರೈಲು ಪ್ರಯಾಣದಷ್ಟು ದೂರದಲ್ಲಿ ಅವರ ಅಕ್ಕ ಇದ್ದರು. ಅಕ್ಕ ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡುತ್ತಿದ್ದರು.

"ನಿನಗೆ ಆ ಊರಲ್ಲಿ ಯಾರಿದಾರೋ?"

"ಸಂಘ ಇದೆ ಅಕ್ಕ."

"ಜ್ವರ ಬಂದ್ರೆ ನಿನ್ನ ಸಂಘ ಹಣೆ ಮುಟ್ಟಿ ನೋಡುತ್ತಾ?"

ಇದಕ್ಕೆ ನಿಯಮಾವಳಿಯಲ್ಲಿ ಉತ್ತರವಿರಲಿಲ್ಲ. ಅಕ್ಕನ ಮನೆಯಲ್ಲಿ ವಾಷಿಂಗ್ ಮೆಷಿನ್ನಿನ ಪಕ್ಕ ಒಂದು ಕೋಣೆ ಖಾಲಿ ಇತ್ತು. ಗೋಡೆಯ ಆಚೆ ಬದಿಯಲ್ಲಿ ಭಾವ ಇದ್ದರು. ಭಾವನ ಬಳಿ ರೇಡಿಯೋ ಇತ್ತು. ಆ ರೇಡಿಯೋಗೆ ಸಣ್ಣ ದನಿ ಎಂಬುದೇ ಇರಲಿಲ್ಲ. ಸಭೆಗಳಿಗೆ ಮೂವತ್ತು ಜನ ಬರುತ್ತಿದ್ದ ಒಳ್ಳೇ ಕಾಲದಲ್ಲಿ, ಬಾಯಿ ತಪ್ಪಿ ಅಲ್ಲ, ಜಂಬಕ್ಕೇ, ಕಾರ್ಯದರ್ಶಿಗಳು ಅಕ್ಕನಿಗೆ ಮಾತು ಕೊಟ್ಟುಬಿಟ್ಟಿದ್ದರು: ಸಂಘ ಮುಚ್ಚಿದ ತಿಂಗಳೇ ಗಂಟುಮೂಟೆ ಕಟ್ಟಿಕೊಂಡು ಬರುತ್ತೇನೆ. ಅಕ್ಕ ಆ ಮಾತನ್ನು ಮರೆಯುವ ಪೈಕಿ ಅಲ್ಲ. ಕೋಣೆಗೆ ಪರದೆ ಕೂಡ ಹೊಲಿಸಿಟ್ಟಿದ್ದರು.

ಒಬ್ಬರೇ ನಡೆಸಿದ ಆ ಸಭೆ ಮುಗಿಸಿ ಕಾರ್ಯದರ್ಶಿಗಳು ದಾಖಲೆ ಪುಸ್ತಕ ಮುಚ್ಚುವಾಗ ಕಟ್ಟಡದ ಲಿಫ್ಟು ಒಂದಕ್ಕೂ ಎರಡಕ್ಕೂ ನಡುವೆ ನಿಂತಿತು. ಒಳಗಿದ್ದವನು ಮೂರನೇ ಮಹಡಿಯ ಹಲ್ಲಿನ ಡಾಕ್ಟರಮ್ಮನ ರೋಗಿ. ದವಡೆ ಮರಗಟ್ಟಿದ್ದರಿಂದ ಅವನು ಕೂಗಿದ್ದು ಯಾರಿಗೂ ಅರ್ಥವಾಗಲಿಲ್ಲ. ಇಪ್ಪತ್ತೆರಡು ವರ್ಷದಿಂದ ಆ ಲಿಫ್ಟನ್ನು ನೋಡಿಕೊಳ್ಳುತ್ತಿದ್ದವರು ಕಾರ್ಯದರ್ಶಿಗಳೇ. ಮೇಲೆ ಮೆಷಿನ್ ರೂಮಿಗೆ ಹೋಗಿ, ಕೈಯಿಂದ ಚಕ್ರ ತಿರುಗಿಸಿ, ಏಳು ನಿಮಿಷದಲ್ಲಿ ಅವನನ್ನು ಇಳಿಸಿದರು. ಎಲ್ಲಿ ಕೆಟ್ಟಿದೆಯೆಂದು ನೋಡುತ್ತ ಕೂತಿದ್ದಾಗ ಹಿಂದೆ ಹೆಜ್ಜೆ ಸದ್ದು ಕೇಳಿಸಿತು.

ಗ್ರೀಸಣ್ಣ. ಚಿಕ್ಕಮ್ಮನಿಗೆ ಹುಷಾರಿಲ್ಲದವನು.

"ಕೆಳಗೆ ರಸ್ತೇಲಿ ಹೋಗ್ತಿದ್ದೆ. ಲಿಫ್ಟ್ ನಿಂತಿದೆ ಅಂದ್ರು," ಎಂದ. ಕಣ್ಣಲ್ಲಿ ಬೆಳಕಿತ್ತು. ಅವನು ಹಗ್ಗದಜ್ಜನಿಗೆ ಫೋನ್ ಮಾಡಿದ. ಮೊಣಕಾಲು ಬೇಡ ಎಂದಿದ್ದ ಅಜ್ಜ ಐದು ಮಹಡಿ ಹತ್ತಿ, ಆಮೇಲೆ ಮೆಷಿನ್ ರೂಮಿನ ಕಬ್ಬಿಣದ ಏಣಿಯನ್ನೂ ಹತ್ತಿ ಬಂದರು. ಮೋಟಾರಿನ ಸುತ್ತ ಕುಕ್ಕರುಗಾಲಲ್ಲಿ ಕೂತು ಇಬ್ಬರೂ ಎರಡೂವರೆ ಗಂಟೆ ಹಗ್ಗ, ಗ್ರೀಸು, ಹಗ್ಗ, ಗ್ರೀಸು ಎಂದು ಜಗಳವಾಡಿದರು. ಮೂವತ್ತು ವರ್ಷದ ಹಿಂದೆ ಒಂದು ಹೋಟೆಲಿನ ಲಿಫ್ಟಿನಲ್ಲಿ ಮದುಮಗನೊಬ್ಬ ಸಿಕ್ಕಿಬಿದ್ದ ಕಥೆ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾರ್ಯದರ್ಶಿಗಳು ಮೂರು ಸಲ ಚಹಾ ತಂದುಕೊಟ್ಟರು. ಕೊನೆಗೆ ಕೆಟ್ಟದ್ದು ಒಂದು ಸಣ್ಣ ಸ್ವಿಚ್ಚು ಎಂದು ಗೊತ್ತಾಗಿ, ಲಿಫ್ಟು ಸರಿಯಾದದ್ದೇ ಇಬ್ಬರ ಮುಖವೂ ಇಳಿದುಹೋಯಿತು. ಕೈ ಒರೆಸಿಕೊಂಡು, ಬರ್ತೀವಿ ಎಂದು ಹೇಳಿ, ಹೊರಟುಹೋದರು.

ಕಾರ್ಯದರ್ಶಿಗಳು ಖಾಲಿ ಲೋಟಗಳನ್ನು ನೋಡುತ್ತ ನಿಂತರು. ಸಭೆ ಎಂದರೆ ಬರದವರು ಲಿಫ್ಟು ಕೆಟ್ಟಿದೆ ಎಂದರೆ ಏಣಿ ಹತ್ತಿ ಬರುತ್ತಾರೆ. ಒಬ್ಬ ವಿಜ್ಞಾನಿಯ ಜೀವಮಾನಕ್ಕೆ ಸಾಕಾಗುವಷ್ಟು ದೊಡ್ಡ ಶೋಧನೆ ಅದು.

ಮುಂದೆ ಅವರು ಮಾಡಿದ್ದನ್ನು ಅಪರಾಧ ಎನ್ನುವವರು ಎನ್ನಲಿ. ಜೀವಕ್ಕೆ ಅಪಾಯವಾಗುವಂಥದ್ದನ್ನು ಅವರು ಮುಟ್ಟಲಿಲ್ಲ. ಹಗ್ಗ, ಬ್ರೇಕು, ಮೋಟಾರು, ಎಲ್ಲವೂ ಇದ್ದ ಹಾಗೇ ಇದ್ದವು. ಲಿಫ್ಟಿನ ಒಳಗೆ, ಸೂರಿನಲ್ಲಿ, ದೀಪದ ತಗಡಿನ ಪೆಟ್ಟಿಗೆಯೊಂದಿತ್ತು. ಕೆಳಗೆ ಮಸುಕು ಗಾಜು, ಸುತ್ತ ಅಂಗೈಯಗಲದ ಅಂಚು. ಆ ಅಂಚಿನ ಒಳಗೆ ಅವರು ಒಂದು ನಟ್ಟು ಇಟ್ಟರು. ಒಂದೇ ಒಂದು ನಟ್ಟು. ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವೆ ಲಿಫ್ಟು ಜಾರುವ ಹಳಿಯ ಬೆಸುಗೆಯ ಬಳಿ ಅದು ಸ್ವಲ್ಪ ಅದುರುತ್ತಿತ್ತು. ನಟ್ಟು ಅಲ್ಲಿ ಜಾರಿ ತಗಡಿಗೆ ಬಡಿದು "ಟಕ್" ಎನ್ನುತ್ತಿತ್ತು.

ಯಾರಾದರೂ ಕಂಡುಹಿಡಿದುಬಿಡುತ್ತಾರೆ ಎಂಬ ಭಯ ಅವರಿಗಿರಲಿಲ್ಲ. ಅದಕ್ಕೆ ಕಾರಣ ವೃತ್ತಿಧರ್ಮ. ಲಿಫ್ಟಿನವನು ದೀಪ ಮುಟ್ಟುವುದಿಲ್ಲ, ವೈರ್‌ಮನ್ ಹಗ್ಗ ಮುಟ್ಟುವುದಿಲ್ಲ. ಕತ್ತಲಲ್ಲಿ ತಡವರಿಸಿ ಕೈ ಮುರಿದುಕೊಂಡ ಲಿಫ್ಟಿನವರಿದ್ದಾರೆ. ಬಲ್ಬು ಬದಲಿಸಿದ ಲಿಫ್ಟಿನವನು ಮಾತ್ರ ಇಲ್ಲ.

ಮೂರನೇ ತಿಂಗಳು ಅವರು ಕಾರ್ಯಸೂಚಿ ಕಳಿಸಲಿಲ್ಲ. ಗ್ರೂಪಿನಲ್ಲಿ ಇಷ್ಟೇ ಬರೆದರು: "ಸಂಘದ ಕಟ್ಟಡದ ಲಿಫ್ಟಿನಲ್ಲಿ ಎರಡು ಮತ್ತು ಮೂರರ ನಡುವೆ ಒಂದು ಸದ್ದು. ನನ್ನ ಇಪ್ಪತ್ತೆರಡು ವರ್ಷದ ಅನುಭವದಲ್ಲಿ ಇಂಥದ್ದು ಕೇಳಿಲ್ಲ. ಶನಿವಾರ ಸಂಜೆ ಐದು."

ಹನ್ನೊಂದು ಜನ ಬಂದರು. ನಾಲ್ಕೂವರೆಗೇ.

"ಹಗ್ಗ," ಎಂದರು ಹಗ್ಗದಜ್ಜ, ಲಿಫ್ಟಿನೊಳಗೆ ಕಾಲಿಡುವ ಮೊದಲೇ.

"ಅಜ್ಜ, ಮೊದಲು ಕೇಳಿಸ್ಕೊಳ್ಳಿ," ಎಂದ ಗ್ರೀಸಣ್ಣ.

"ಕೇಳಿಸ್ಕೊಂಡು ಹೇಳೋದಕ್ಕೆ ನಾನೇನು ನಿನ್ನೆ ಮೊನ್ನೆ ಬಂದವನಾ?"

ಅವರು ಮೇಲೆ ಹೋದರು. ಟಕ್. ಕೆಳಗೆ ಬಂದರು. ಟಕ್. ಗ್ರೀಸಣ್ಣ ಕಣ್ಣು ಮುಚ್ಚಿ, ಕಿವಿಯನ್ನು ಗೋಡೆಗೆ ಒತ್ತಿ ಕೇಳಿದ. ಸೆನ್ಸರ್ ಮೇಡಂ ಫೋನಿನಲ್ಲಿ ಸದ್ದನ್ನು ರೆಕಾರ್ಡು ಮಾಡಿಕೊಂಡರು.

"ಇದರಲ್ಲಿ ಸೆನ್ಸರ್ ಎಲ್ಲಿದೆ?" ಎಂದರು.

"ಇದರಲ್ಲಿ ಸೆನ್ಸರ್ ಇಲ್ಲಮ್ಮ. ಇದು ನಿಮ್ಮ ತಂದೆ ಕಾಲದ ಲಿಫ್ಟು," ಎಂದರು ಅಜ್ಜ.

"ಅದಕ್ಕೇ ಸದ್ದು."

ಇಬ್ಬರು ಲಿಫ್ಟಿನ ತಳದ ಗುಂಡಿಗಿಳಿದರು, ಮೂವರು ಮೆಷಿನ್ ರೂಮಿಗೆ ಹತ್ತಿದರು, ಉಳಿದವರು ಮಹಡಿಗೊಬ್ಬರಂತೆ ಜಾಲರಿ ಬಾಗಿಲಿಗೆ ಮೂಗು ಒತ್ತಿ ನಿಂತರು. ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಬೈಗುಳ ಮತ್ತು ನಗು ಹರಿದಾಡತೊಡಗಿತು. ಕಾರ್ಯದರ್ಶಿಗಳು ಐದನೇ ಮಹಡಿಯ ಕೋಣೆಯಲ್ಲಿ ಬಿಸ್ಕೆಟ್ಟು ಜೋಡಿಸಿ, ಸ್ವಾಗತ ಭಾಷಣದ ಚೀಟಿ ಹಿಡಿದು ಕಾದರು. ಯಾರೂ ಬರಲಿಲ್ಲ. ಕೊನೆಗೆ ದಾಖಲೆ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಮಹಡಿ ಮಹಡಿ ಇಳಿದು, ಜಾಲರಿಯ ಸಂದಿಯಲ್ಲಿ ಪೆನ್ನು ತೂರಿಸಿ ಒಬ್ಬೊಬ್ಬರ ಸಹಿ ಪಡೆದರು. ಗುಂಡಿಯಲ್ಲಿದ್ದವರ ಸಹಿಯ ಮೇಲೆ ಎಣ್ಣೆ ಬಿದ್ದು, ಅದು ಹಿಂದಿನ ಪುಟದವರೆಗೂ ಇಳಿಯಿತು. ಹನ್ನೊಂದು ಸಹಿ. ಶಾಖೆ ಉಳಿಯಿತು.

ಮುಂದಿನ ತಿಂಗಳು ಹತ್ತೊಂಬತ್ತು ಜನ. ಅದರ ಮುಂದಿನ ತಿಂಗಳು ಇಪ್ಪತ್ತಮೂರು. ಉಪಸಮಿತಿಯೊಂದು ಹುಟ್ಟಿಕೊಂಡಿತು, ಉಪಸಮಿತಿಯೊಳಗೆ ಭಿನ್ನಮತವೂ ಹುಟ್ಟಿಕೊಂಡು ಅದು ಹಗ್ಗದ ಪಕ್ಷ, ಗ್ರೀಸಿನ ಪಕ್ಷ ಎಂದು ಒಡೆಯಿತು. ಶನಿವಾರ ಸಾಲದೆ ಮಂಗಳವಾರವೂ ಬರತೊಡಗಿದರು.

ಇಷ್ಟೆಲ್ಲ ಜನರ ನಡುವೆ ಲಿಫ್ಟಿನ ಬಗ್ಗೆ ಅಭಿಪ್ರಾಯವೇ ಇಲ್ಲದ ಒಬ್ಬ ಮನುಷ್ಯ ಇದ್ದರೆ, ಅದು ಕಾರ್ಯದರ್ಶಿಗಳು. ಸತ್ಯ ಗೊತ್ತಿದ್ದವರಿಗೆ ಸಿದ್ಧಾಂತ ಎಲ್ಲಿಂದ ಬರಬೇಕು? ಒಮ್ಮೆ ತಡೆಯಲಾರದೆ, ಗುಂಪಿನ ಹಿಂದೆ ನಿಂತು, "ಹಗ್ಗವೇ ಇರಬಹುದಾ ಅಜ್ಜ?" ಎಂದರು.

ಎಲ್ಲರೂ ತಿರುಗಿ ನೋಡಿದರು.

"ನೀನು ಸುಮ್ನಿರಯ್ಯ," ಎಂದರು ಅಜ್ಜ. "ಇಪ್ಪತ್ತೆರಡು ವರ್ಷ ನಿನ್ನ ಕೈಲಿದ್ದೇ ಇದಕ್ಕೆ ಹೀಗಾಗಿದ್ದು."

"ಪಾಪ, ಬಿಡಿ ಅಜ್ಜ. ಅವರು ಬರವಣಿಗೆ ಕೆಲಸ ಚೆನ್ನಾಗಿ ಮಾಡ್ತಾರೆ," ಎಂದ ಗ್ರೀಸಣ್ಣ.

ಕಾರ್ಯದರ್ಶಿಗಳು ಚಹಾ ತರಲು ಹೋದರು.

ಕಟ್ಟಡದವರ ಪ್ರತಿಕ್ರಿಯೆಯ ಬಗ್ಗೆಯೂ ಎರಡು ಮಾತು ಹೇಳಬೇಕು. ಹಲ್ಲಿನ ಡಾಕ್ಟರಮ್ಮ ಸಂಘಕ್ಕೆ ಮೂರು ಪತ್ರ ಬರೆದರು. ಲಿಫ್ಟಿನ ತುಂಬ ಲಿಫ್ಟಿನವರೇ ಇರುವುದರಿಂದ ರೋಗಿಗಳು ಮೆಟ್ಟಿಲು ಹತ್ತಿ ಬರುತ್ತಿದ್ದಾರೆಂದೂ, ಹಲ್ಲು ಕೀಳುವಾಗ ಕಿರುಚಲು ಕೂಡ ಅವರಲ್ಲಿ ಉಸಿರು ಉಳಿದಿರುವುದಿಲ್ಲವೆಂದೂ ಮೊದಲ ಪತ್ರ. ಇದರಿಂದ ತಮ್ಮ ಕೆಲಸ ಸುಲಭವಾಗಿದೆಯಾದರೂ ತತ್ವ ತತ್ವವೇ ಎಂದು ಎರಡನೆಯದು. ಸಂಜೆ ರೋಗಿಗಳಿಲ್ಲದಾಗ ತಾವೂ ಒಮ್ಮೆ ಆ ಸದ್ದನ್ನು ಕೇಳಬಹುದೇ ಎಂದು ಮೂರನೆಯದು. ನಾಲ್ಕನೇ ಮಹಡಿಯ ಟೈಲರು ಪತ್ರ ಬರೆಯಲಿಲ್ಲ. ಜಾಲರಿಗೆ ಒರಗಿ ಕಾಯುವವರ ಪ್ಯಾಂಟುಗಳನ್ನು ನೋಡಿ, "ಸೊಂಟ ಸಡಿಲ ಆಗಿದೆ, ಬಿಚ್ಚಿಕೊಡಿ, ಸದ್ದು ಸಿಗೋಷ್ಟರಲ್ಲಿ ಹೊಲಿದುಕೊಡ್ತೀನಿ," ಎನ್ನುತ್ತಿದ್ದ. ಹೀಗಾಗಿ ಕೆಲವು ಮಹತ್ವದ ತಾಂತ್ರಿಕ ಚರ್ಚೆಗಳು ಟವೆಲು ಸುತ್ತಿಕೊಂಡು ನಡೆದವು.

ಅಕ್ಕನಿಗೂ ಸುದ್ದಿ ಮುಟ್ಟಿತು. "ಇಪ್ಪತ್ತಮೂರು ಜನವೇನೋ? ಎಲ್ಲ ನಿನ್ನ ಮಾತು ಕೇಳೋದಕ್ಕಾ?"

"ಒಂಥರಾ ಹಾಗೇ ಅಕ್ಕ."

"ನಿಮ್ಮ ಭಾವ ನಂಬಲ್ಲ ಅಂತಿದಾರೆ. ನಾನು ಹೇಳ್ದೆ, ನನ್ನ ತಮ್ಮ ಬಾಯಿ ಬಿಟ್ರೆ ಜನ ಸೇರ್ತಾರೆ ಅಂತ." ಆಮೇಲೆ, "ಊಟ ಯಾರ ಜೊತೆ ಮಾಡ್ತೀಯ?" ಎಂದು ಕೇಳಿದರು. ಕಾರ್ಯದರ್ಶಿಗಳು ಲೈನು ಸರಿಯಿಲ್ಲ ಎಂದರು.

ಸದ್ದು ಶುರುವಾದ ನಾಲ್ಕನೇ ತಿಂಗಳು ಒಂದು ವಿಚಿತ್ರ ಘಟಿಸಿತು. ಮಂಗಳವಾರ ಬೆಳಿಗ್ಗೆ ಕಾರ್ಯದರ್ಶಿಗಳು ಒಬ್ಬರೇ ಲಿಫ್ಟಿನಲ್ಲಿ ಹೋಗುತ್ತಿದ್ದರು. ಎರಡು ದಾಟಿತು. ಟಕ್. ಆಮೇಲೆ, ಅದರ ಬೆನ್ನಿಗೇ: ಟರ್ರ್.

ಅವರು ಕೆಳಗೆ ಬಂದು ಮತ್ತೆ ಹೋದರು. ಟಕ್. ಟರ್ರ್. ಮಾರನೇ ವಾರ ಇನ್ನೊಂದು ಸೇರಿಕೊಂಡಿತು: ಟಕ್, ಟರ್ರ್, ಟಿಣ್.

ಒಂದು ನಟ್ಟು ಟಕ್ ಎನ್ನಬಹುದು. ಟಿಣ್ ಎನ್ನಲಾರದು. ದೀಪದ ಪೆಟ್ಟಿಗೆಯಲ್ಲಿ ಏನಿದೆ ಎಂದು ಜಗತ್ತಿನಲ್ಲಿ ಖಚಿತವಾಗಿ ಬಲ್ಲವರು ತಾವೊಬ್ಬರೇ; ಆದ್ದರಿಂದ ಈ ಸದ್ದು ಅಲ್ಲಿಂದ ಬರುವುದು ಸಾಧ್ಯವೇ ಇಲ್ಲ; ಆದ್ದರಿಂದ ಲಿಫ್ಟಿನಲ್ಲಿ ನಿಜವಾಗಿಯೇ ಏನೋ ಕೆಟ್ಟಿದೆ. ಈ ತರ್ಕದಲ್ಲಿ ಒಂದು ಬಿರುಕೂ ಇರಲಿಲ್ಲ. ಕಾರ್ಯದರ್ಶಿಗಳು ಎಲ್ಲ ಕಡೆ ನೋಡಿದರು, ಅಲ್ಲೊಂದು ಕಡೆ ಬಿಟ್ಟು.

ಆ ಶನಿವಾರ ಅವರು ದಾಖಲೆ ಪುಸ್ತಕವನ್ನು ಕೋಣೆಯಲ್ಲೇ ಮರೆತು, ಗುಂಪನ್ನು ಸೀಳಿಕೊಂಡು ಮುಂದೆ ಹೋದರು. "ಸ್ವಲ್ಪ ಇರಿ. ಟಕ್ ಬೇರೆ, ಟರ್ರ್ ಬೇರೆ. ಟರ್ರ್ ಬರೋದು ಮೇಲೆ ಹೋಗುವಾಗ ಮಾತ್ರ. ಲಿಫ್ಟು ಏರುವಾಗ ಹಿಂದೆ ತೂಗುಭಾರ ಇಳಿಯೋ ಕಡೆ ಹಳಿಯಲ್ಲಿ ಏನೋ ಇದೆ."

ಅಜ್ಜ ತಲೆ ಓರೆ ಮಾಡಿ ಕೇಳಿದರು. ಟಕ್, ಟರ್ರ್, ಟಿಣ್.

"ಇರಬಹುದು ಕಣಯ್ಯ," ಎಂದರು.

ಗ್ರೀಸಣ್ಣ ಟಾರ್ಚನ್ನು ಅವರ ಕೈಗೆ ಕೊಟ್ಟ. ಕಾರ್ಯದರ್ಶಿಗಳು ಗುಂಡಿಗಿಳಿದರು. ಒಂದೂವರೆ ಗಂಟೆ ಅಲ್ಲೇ ಇದ್ದು, ಏನೂ ಸಿಗದೆ, ಮೂಗಿನ ತುದಿಯವರೆಗೆ ಮಸಿಯಾಗಿ ಮೇಲೆ ಬಂದಾಗ ಅವರಿಗೆ ಯಾರೋ ಚಹಾ ತಂದುಕೊಟ್ಟರು. ಆ ಸಂಜೆ ಮನೆಗೆ ಬಸ್ಸು ಹತ್ತದೆ ನಡೆದೇ ಹೋದರು. ದಾರಿಯಲ್ಲಿ ಸಿಕ್ಕ ಗುರುತಿಲ್ಲದ ಒಬ್ಬರಿಗೆ ನಮಸ್ಕಾರ ಕೂಡ ಮಾಡಿದರು.

ಇಂಥ ಸುಖಕ್ಕೆ ದೃಷ್ಟಿ ತಾಗದೆ ಇರುತ್ತದೆಯೇ. ಕೇಂದ್ರದಿಂದ ಪತ್ರ ಬಂತು. ಇತರೆಲ್ಲ ಶಾಖೆಗಳಲ್ಲಿ ಹಾಜರಾತಿ ಕುಸಿಯುತ್ತಿರುವಾಗ ಇಲ್ಲಿ ಮಾತ್ರ ಏರುತ್ತಿರುವ ಗುಟ್ಟೇನೆಂದು ತಿಳಿಯಲು ಸ್ವತಃ ವಲಯಾಧ್ಯಕ್ಷರು ಮುಂದಿನ ಸಭೆಗೆ ದಯಮಾಡಿಸಲಿದ್ದಾರೆ.

ಆ ಸಭೆಗೆ ಮೂರು ದಿನ ಇರುವಾಗ ಲಿಫ್ಟಿನ ಬಲ್ಬು ಹೋಯಿತು.

ಕಾರ್ಯದರ್ಶಿಗಳು ಬೆರಳು ಮಡಚಿ ಲೆಕ್ಕ ಹಾಕಿದರು. ಬಲ್ಬು ಎಂದರೆ ವೈರ್‌ಮನ್. ವೈರ್‌ಮನ್ ಎಂದರೆ ಪೆಟ್ಟಿಗೆ. ಪೆಟ್ಟಿಗೆ ಎಂದರೆ ನಟ್ಟು. ಡಾಕ್ಟರಮ್ಮನಿಂದ ನಾಲ್ಕನೇ ಪತ್ರ ಬರುತ್ತದೆಂದು ಕಾದರು. ಬರಲಿಲ್ಲ. ಟೈಲರು ದೂರುತ್ತಾನೆಂದು ಕಾದರು. ಅವನೂ ಕತ್ತಲಲ್ಲೇ ಹೋಗಿ ಬರುತ್ತಿದ್ದ. ಮೂರು ದಿನ ಕಟ್ಟಡದ ಒಬ್ಬರೂ ಬಲ್ಬಿನ ಬಗ್ಗೆ ಚಕಾರ ಎತ್ತಲಿಲ್ಲ. ಎಷ್ಟು ಒಳ್ಳೆಯ ಜನ ಎಂದುಕೊಂಡರು ಕಾರ್ಯದರ್ಶಿಗಳು.

ವಲಯಾಧ್ಯಕ್ಷರು ಹೊಳೆಯುವ ಬೂಟು ಹಾಕಿಕೊಂಡು, ಹೇಳಿದ ಸಮಯಕ್ಕೆ ಸರಿಯಾಗಿ ಬಂದರು. ಕೆಳಗೆ ಇಪ್ಪತ್ತಾರು ಸದಸ್ಯರು ಸಾಲಾಗಿ ನಿಂತಿದ್ದರು. ಅವರ ಹಿಂದೆ ಡಾಕ್ಟರಮ್ಮ, ಟೈಲರು. ವಲಯಾಧ್ಯಕ್ಷರು ಲಿಫ್ಟಿನೊಳಗೆ ಇಣುಕಿದರು.

"ದೀಪ ಇಲ್ಲವಲ್ಲ."

"ಪರವಾಗಿಲ್ಲ ಸರ್," ಎಂದರು ಕಾರ್ಯದರ್ಶಿಗಳು.

"ಪರವಾಗಿಲ್ಲ ಸರ್," ಎಂದರು ಇಪ್ಪತ್ತಾರು ಜನರೂ.

"ಕತ್ತಲಲ್ಲಿ ಸದ್ದು ಚೆನ್ನಾಗಿ ಕೇಳುತ್ತೆ," ಎಂದ ಗ್ರೀಸಣ್ಣ.

"ಕಣ್ಣಿಗೂ ತಂಪು," ಎಂದರು ಡಾಕ್ಟರಮ್ಮ.

ವಲಯಾಧ್ಯಕ್ಷರು ಶಿಸ್ತಿನ ಮನುಷ್ಯ. ಮಾತಿಲ್ಲದೆ ರಸ್ತೆ ದಾಟಿ, ಎದುರಿನ ಅಂಗಡಿಯಿಂದ ವೈರ್‌ಮನ್ನನ್ನು ಏಣಿ ಸಮೇತ ತಾವೇ ಕರೆತಂದರು. ವೈರ್‌ಮನ್ ಏಣಿ ಹತ್ತಿ, ನಾಲ್ಕು ಸ್ಕ್ರೂ ಬಿಚ್ಚಿ, ಗಾಜು ಕೆಳಗಿಳಿಸಿ, ಅಂಚಿನೊಳಗೆ ಕೈ ಹಾಕಿದ. ಆ ಕೈ ಅಲ್ಲೇ ನಿಂತಿತು.

"ಇದೇನು, ಒಳಗೆ ಅಂಗಡೀನೇ ಇಟ್ಟಿದೀರಲ್ಲ," ಎಂದ.

ಒಂದೊಂದಾಗಿ ತೆಗೆದು ವಲಯಾಧ್ಯಕ್ಷರ ಅಂಗೈಗೆ ಹಾಕತೊಡಗಿದ. ಮೊದಲು ಒಂದು ನಟ್ಟು. ಕಾರ್ಯದರ್ಶಿಗಳು ಕಣ್ಣು ಮುಚ್ಚಿಕೊಂಡರು. ಇನ್ನೊಂದು ಬಿದ್ದ ಸದ್ದು ಕೇಳಿಸಿತು. ತೆರೆದರು.

ಗ್ರೀಸು ಮೆತ್ತಿದ ಒಂದು ಬೇರಿಂಗ್ ಗುಂಡು. ಗ್ರೀಸಣ್ಣ ಬಗ್ಗಿ ಬೂಟಿನ ಲಾಡಿ ಕಟ್ಟಿಕೊಳ್ಳತೊಡಗಿದ, ಹಾಕಿಕೊಂಡಿದ್ದದ್ದು ಚಪ್ಪಲಿ. ಎರಡಿಂಚು ಉದ್ದದ ಉಕ್ಕಿನ ಹಗ್ಗದ ತುಂಡು. ಅಜ್ಜ ಮೊಣಕಾಲು ಹಿಡಿದುಕೊಂಡು ನರಳಿದರು. ಸೆನ್ಸರಿನೊಳಗಿರುವಂಥ ಸಣ್ಣ ಅಯಸ್ಕಾಂತ. ಮೇಡಂ ಫೋನಿನಲ್ಲಿ ಮುಳುಗಿದ್ದರು, ಫೋನು ತಲೆಕೆಳಗಾಗಿತ್ತು. ಒಂದು ಹಿತ್ತಾಳೆಯ ಗುಂಡಿ. ಟೈಲರು ಅದು ತನ್ನ ಅಂಗಡಿಯದಲ್ಲವೆಂದು, ಯಾರೂ ಕೇಳದೆಯೇ ಹೇಳಿದ. ಪ್ಲಾಸ್ಟರಿನಲ್ಲಿ ಅಚ್ಚು ತೆಗೆದ ಒಂದು ಹಲ್ಲು.

"ಇದು ಮುಂದಿನ ಹಲ್ಲೇ?" ಎಂದರು ವಲಯಾಧ್ಯಕ್ಷರು.

"ಕೆಳದವಡೆ, ಹಿಂದಿನದು," ಎಂದುಬಿಟ್ಟರು ಡಾಕ್ಟರಮ್ಮ, ವೃತ್ತಿಯವರಾದ್ದರಿಂದ ತಡೆದುಕೊಳ್ಳಲಾಗದೆ.

ಒಟ್ಟು ಹನ್ನೊಂದು. ವಲಯಾಧ್ಯಕ್ಷರ ಅಂಗೈ ತುಂಬಿತು. ವೈರ್‌ಮನ್ ಹೊಸ ಬಲ್ಬು ಹಾಕಿದ. ಬೆಳಕು ಎಲ್ಲರ ಮುಖದ ಮೇಲೂ ಬಿತ್ತು. ಅದು ಬೇಕಿರಲಿಲ್ಲ.

"ಇವು ಯಾರವು?"

ಇಪ್ಪತ್ತಾರು ಜನ ನೆಲ ನೋಡಿದರು.

"ನಟ್ಟು ನನ್ನದು," ಎಂದರು ಕಾರ್ಯದರ್ಶಿಗಳು.

ಇನ್ಯಾರಾದರೂ ಬಾಯಿ ಬಿಡುತ್ತಾರೆಂದು ಅವರು ಸ್ವಲ್ಪ ಹೊತ್ತು ಕಾದರು, ಸಭೆಯಲ್ಲಿ ಆಕ್ಷೇಪಣೆಗೆ ಕಾಯುವಷ್ಟು ಹೊತ್ತು. ಯಾರೂ ಬಿಡಲಿಲ್ಲ.

ವಲಯಾಧ್ಯಕ್ಷರು ಹನ್ನೊಂದು ವಸ್ತುಗಳನ್ನೂ ಕರವಸ್ತ್ರದಲ್ಲಿ ಕಟ್ಟಿ, ಲಕೋಟೆಗೆ ಹಾಕಿ, ಅದರ ಮೇಲೆ ತಾರೀಕು ಬರೆದರು. ಐದು ತಿಂಗಳ ಹಾಜರಾತಿ ಸಭೆಗಾಗಿ ಅಲ್ಲ, ಸುಳ್ಳು ದೋಷಕ್ಕಾಗಿ, ಆದ್ದರಿಂದ ಅಸಿಂಧು. ಹದಿನೇಳನೇ ಕಲಮಿನ ಪ್ರಕಾರ ಶಾಖೆ ವಿಲೀನ. ಇದನ್ನು ಅವರು ಬೇಸರದಿಂದಲೇ ಹೇಳಿದರು. "ನಮ್ಮ ವಲಯಕ್ಕೆಲ್ಲ ಇದನ್ನೇ ಮಾದರಿ ಮಾಡಬೇಕು ಅಂತಿದ್ದೆ," ಎಂದು ಕಾರು ಹತ್ತುವಾಗ ಗೊಣಗಿದರಂತೆ.

ಸದಸ್ಯರು ಒಬ್ಬೊಬ್ಬರಾಗಿ ಜಾರಿಕೊಂಡರು. ಮೇಲೆ ಬಿಟ್ಟಿದ್ದ ಚೀಲ, ಟಾರ್ಚುಗಳನ್ನು ತರಲು ಮೆಟ್ಟಿಲು ಹತ್ತಿಳಿದರು. ಲಿಫ್ಟಿನೊಳಗೆ ಒಬ್ಬರೂ ಕಾಲಿಡಲಿಲ್ಲ. ಅಜ್ಜ ಕಾರ್ಯದರ್ಶಿಗಳ ಪಕ್ಕ ಹಾಯುವಾಗ ನಿಂತು, ಏನೋ ಹೇಳಲು ಹೋಗಿ, "ಮೊಣಕಾಲು ತೋರಿಸ್ಕೋಬೇಕು," ಎಂದು ಹೊರಟರು.

ಭಾನುವಾರ ಹತ್ತಕ್ಕೆ ಫೋನ್ ಬಂತು. ಕಾರ್ಯದರ್ಶಿಗಳು ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

"ಮುಚ್ಚಿತಾ?" ಎಂದರು ಅಕ್ಕ. ಬೈಯಲಿಲ್ಲ. "ಬಾ ಮತ್ತೆ. ಮಂಚ ತರಿಸಿದೀನಿ. ನಿಮ್ಮ ಭಾವ ರೇಡಿಯೋನ ಅಡುಗೆಮನೆಗೆ ಇಡ್ತಾರಂತೆ, ಒಂದು ವಾರ ನೋಡೋಣ ಅಂದಿದಾರೆ."

ಟಿಕೆಟ್ಟು ಸಿಕ್ಕಿದ್ದು ನಾಲ್ಕು ವಾರ ಬಿಟ್ಟು, ಶನಿವಾರ ಸಂಜೆ ಏಳರ ರೈಲಿಗೆ. ಆ ಶನಿವಾರ, ಕ್ಯಾಲೆಂಡರಿನ ಪ್ರಕಾರ, ಸಭೆಯ ದಿನವಾಗಿತ್ತು. ಕಾರ್ಯದರ್ಶಿಗಳು ನಾಲ್ಕೂವರೆಗೆ ಕೋಣೆಗೆ ಬಂದು, ಸೂಟ್‌ಕೇಸನ್ನು ಬಾಗಿಲ ಬಳಿ ಇಟ್ಟು, ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸತೊಡಗಿದರು. ಬೀಗದ ಕೈಯನ್ನು ಟೈಲರಿಗೆ ಕೊಟ್ಟು ಹೋಗುವುದೆಂದು ಮಾತಾಗಿತ್ತು. ಕೆಳಗೆ ಲಿಫ್ಟು ಚಲಿಸುತ್ತಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಅಷ್ಟು ಚೆನ್ನಾಗಿ ಕೆಲಸ ಮಾಡುತ್ತಿತ್ತು.

ಐದಕ್ಕೆ ಹತ್ತು ನಿಮಿಷ ಇರುವಾಗ ಬಾಗಿಲಲ್ಲಿ ಹಗ್ಗದಜ್ಜ ಕಂಡರು.

"ಹಲ್ಲಿನ ಡಾಕ್ಟರ ಹತ್ರ ಬಂದಿದ್ದೆ. ಹಾಗೇ ಮೇಲೆ ಬಂದೆ," ಎಂದರು. ಅಜ್ಜನ ಬಾಯಲ್ಲಿ ಉಳಿದಿದ್ದದ್ದು ಎರಡು ಹಲ್ಲು. ಎರಡೂ ಗಟ್ಟಿಯಾಗಿದ್ದವು.

ಸ್ವಲ್ಪ ಹೊತ್ತಿಗೆ ಗ್ರೀಸಣ್ಣ ಬಂದ. "ಟೈಲರ ಹತ್ರ ಪ್ಯಾಂಟ್ ಇತ್ತು. ಇನ್ನೂ ಆಗಿಲ್ವಂತೆ." ಆಮೇಲೆ ಸೆನ್ಸರ್ ಮೇಡಂ ಬಂದರು. ಕಾರಣ ಹುಡುಕಿಕೊಂಡು ಬರುವುದನ್ನು ಮರೆತಿದ್ದರು. ಹಾಗಾಗಿ ಏನೂ ಹೇಳದೆ ಪೇರಿಸಿದ್ದ ರಾಶಿಯಿಂದ ಒಂದು ಕುರ್ಚಿ ಇಳಿಸಿಕೊಂಡು ಕೂತರು. ಉಳಿದವರೂ ಕೂತರು. ಕಾರ್ಯದರ್ಶಿಗಳು ನಿಂತೇ ಇದ್ದರು. ಮೇಜಿನ ಹಿಂದೆ ನಿಲ್ಲಬೇಕೋ, ಇವರ ಜೊತೆ ಕೂರಬೇಕೋ ಗೊತ್ತಾಗಲಿಲ್ಲ. ಕೊನೆಗೆ ಸೂಟ್‌ಕೇಸಿನ ಮೇಲೆ ಕೂತರು.

"ಲಿಫ್ಟ್ ಹೇಗಿದೆ?" ಎಂದರು ಅಜ್ಜ.

"ಚೆನ್ನಾಗಿದೆ."

"ಸದ್ದು?"

"ಇಲ್ಲ."

ವಿಷಯ ಮುಗಿಯಿತು. ನಾಲ್ವರೂ ನಾಲ್ಕು ಗೋಡೆ ನೋಡಿದರು. ಹದಿನೆಂಟು ವರ್ಷದ ಪರಿಚಯದಲ್ಲಿ ಲಿಫ್ಟು ಬಿಟ್ಟು ಬೇರೆ ಮಾತಾಡಿದವರಲ್ಲ. ಗ್ರೀಸಣ್ಣ ಬೆರಳಿನ ನೆಟಿಗೆ ತೆಗೆದ. ಮೇಡಂ ಗಂಟಲು ಸರಿಮಾಡಿಕೊಂಡು, ಬಹಳ ಕಷ್ಟದ ಯಂತ್ರವೊಂದರ ಮುಚ್ಚಳ ತೆರೆಯುವವರ ಹಾಗೆ, ಕೇಳಿದರು: "ಮನೇಲಿ ಎಲ್ಲ ಹೇಗಿದಾರೆ ಅಜ್ಜ?"

"ಎಲ್ಲ ಅಂದ್ರೆ ನಾನೇ," ಎಂದರು ಅಜ್ಜ. "ಚೆನ್ನಾಗಿದೀನಿ."

"ನಿಮ್ಮ ಚಿಕ್ಕಮ್ಮ?" ಎಂದು ಅಜ್ಜ ಗ್ರೀಸಣ್ಣನನ್ನು ಕೇಳಿದರು.

"ಇಲ್ಲ ಅಜ್ಜ."

"ಅಯ್ಯೋ, ಯಾವಾಗ?"

"ಮೊದಲಿಂದಾನೂ ಇಲ್ಲ. ಸುಮ್ನೆ ಹೇಳ್ತಿದ್ದೆ."

ಆಮೇಲೆ ಅಜ್ಜನ ಭುಜ ಅಲುಗಿತು. ಎರಡು ಹಲ್ಲೂ ಕಾಣಿಸಿದವು. ಮೇಡಂ ಬಾಯಿಗೆ ಕೈ ಅಡ್ಡ ಹಿಡಿದರು. ಗ್ರೀಸಣ್ಣ, ಚಿಕ್ಕಮ್ಮನಿಗೆ ಇಷ್ಟು ವರ್ಷ ಯಾವ ಯಾವ ಕಾಯಿಲೆ ಬಂದಿತ್ತೆಂದು ಒಂದೊಂದಾಗಿ ಹೇಳತೊಡಗಿದ. ಕಾರ್ಯದರ್ಶಿಗಳು ಎದ್ದು ಒಲೆ ಹಚ್ಚಿ ಚಹಾಕ್ಕೆ ನೀರಿಟ್ಟರು. ನಾಲ್ಕು ಲೋಟದ ನೀರು.

ಏಳೂಕಾಲಿಗೆ ಅವರ ಫೋನ್ ರಿಂಗಾಯಿತು.

"ಹತ್ತಿದ್ಯೇನೋ?" ಎಂದರು ಅಕ್ಕ. "ಕಿಟಕಿ ಪಕ್ಕ ಸಿಕ್ತಾ?"

"ಇಲ್ಲ ಅಕ್ಕ. ಸಭೇಲಿದೀನಿ."

"ಸಂಘ ಮುಚ್ಚಿತು ಅಂದ್ಯಲ್ಲೋ?"

"ಮುಚ್ಚಿತು."

"ಮತ್ತೆ ಇದು ಯಾವ ಸಭೆ?"

ಕಾರ್ಯದರ್ಶಿಗಳು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು ಕೋಣೆಯತ್ತ ನೋಡಿದರು. ಚಿಕ್ಕಮ್ಮನಿಗೆ ಎರಡನೇ ಸಲ ಕಾಮಾಲೆ ಬಂದಿತ್ತು.

"ಗೊತ್ತಿಲ್ಲ ಅಕ್ಕ," ಎಂದರು. "ಇನ್ನೂ ಮುಗಿದಿಲ್ಲ."